ಮಬ್ಬಾದ ಹೆಡ್‌ಲೈಟ್: ಉಜ್ಜಿದರೆ ಅರ್ಧ ಕೆಲಸ, ಲೇಪಿಸಿದರೆ ಪೂರ್ಣ

ಮಾರುಕಟ್ಟೆ ತೆರೆಯುವ ಮುನ್ನ ಅಂಗಡಿ ಸೇರಬೇಕಾದ ಸರಕು ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲಿಯೇ ರಸ್ತೆಯ ಮೇಲಿರುತ್ತದೆ. ಆದರೆ ಎಂಜಿನ್, ಟೈರ್, ವಿಮೆಗಳಿಗೆ ದೊರೆಯುವ ಗಮನ ಹೆಡ್‌ಲೈಟಿಗೆ ದೊರೆಯುವುದು ಅಪರೂಪ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ 2018ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಪ್ರಕಾರ, ತೀರ ಹಳದಿಗಟ್ಟಿ ಮಬ್ಬಾದ ಹೆಡ್‌ಲೈಟುಗಳು ಹೊಸದರ ಬೆಳಕಿನಲ್ಲಿ ಸುಮಾರು ಶೇ. 20ರಷ್ಟನ್ನು ಮಾತ್ರ ನೀಡಿದವು. ಅಂಥವನ್ನು ಶುದ್ಧಗೊಳಿಸಿದಾಗ ಬೆಳಕು ಸುಮಾರು ಶೇ. 70ಕ್ಕೆ ಏರಿತು. ಚಾಲಕನ ಜೀವ ಮತ್ತು ಮಾಲೀಕನ ಸರಕು ಎರಡೂ ಈ ಅಂತರವನ್ನು ಅವಲಂಬಿಸಿವೆ.

ಮಬ್ಬಿನ ಮೂಲ

ಹಿಂದಿನ ವಾಹನಗಳ ಹೆಡ್‌ಲೈಟಿನ ಮುಂಭಾಗ ಗಾಜಿನದಾಗಿತ್ತು. ಅಮೆರಿಕ 1983ರಲ್ಲಿ ತನ್ನ ನಿಯಮಗಳನ್ನು ಸಡಿಲಿಸಿದ ನಂತರ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಕ್ರಮೇಣ ಅದರ ಸ್ಥಾನವನ್ನು ಪಡೆಯಿತು. ಇದು ಹಗುರ, ಕಲ್ಲು ತಗುಲಿದರೂ ಸುಲಭವಾಗಿ ಒಡೆಯದು. ಆದರೆ ಬಿಸಿಲಿನ ನೇರಳಾತೀತ ಕಿರಣಗಳನ್ನು ತಾನಾಗಿ ತಡೆದುಕೊಳ್ಳಲಾರದು. ಆದುದರಿಂದ ತಯಾರಕರು ಅದರ ಮೇಲೆ ತೆಳುವಾದ ರಕ್ಷಣಾ ಲೇಪನವನ್ನು ಕೊಡುತ್ತಾರೆ. ಬಿಸಿಲು, ಧೂಳುಗಳಿಗೆ ಸಿಕ್ಕಿ ಆ ಲೇಪನ ಸವೆದ ಮೇಲೆ ಪ್ಲಾಸ್ಟಿಕ್ ಹಳದಿಯಾಗತೊಡಗುತ್ತದೆ. ಗೋದಾಮಿನ ಮುಂದೆ ಬಯಲಿನಲ್ಲಿ ನಿಲ್ಲುವ ವಾಹನಗಳಿಗೆ ಈ ತೊಂದರೆ ಬೇಗನೆ ತಗುಲುತ್ತದೆ.

ಬೆಳಕು ಸಾಲದೆಂದು ಹೆಚ್ಚು ವ್ಯಾಟಿನ ಬಲ್ಬ್ ಹಾಕಿಸುವುದು ತಪ್ಪು ಚಿಕಿತ್ಸೆ. ಮಬ್ಬಿನ ಮೂಲಕ ಹಾಯುವ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ವೈರಿಂಗ್ ಮೇಲಿನ ಹೊರೆಯೂ ಹೆಚ್ಚುತ್ತದೆ.

ಮೊದಲು ಪರೀಕ್ಷೆ

ಹೆಡ್‌ಲೈಟಿನ ಮೇಲೆ ನೀರು ಹಾಕಿ ನೋಡಬೇಕು. ಒದ್ದೆಯಾಗಿರುವಷ್ಟು ಹೊತ್ತು ತಿಳಿಯಾಗಿ ಕಂಡರೆ ದೋಷ ಹೊರಮೈಯಲ್ಲಿದೆ, ಮನೆಯಲ್ಲಿಯೇ ಸರಿಪಡಿಸಬಹುದು. ಒಳಗೆ ನೀರಿನ ಹನಿ ನಿಂತಿದ್ದರೆ, ಒಳಮೈ ಮಬ್ಬಾಗಿದ್ದರೆ ಅಥವಾ ಬಿರುಕು ಆಳವಾಗಿದ್ದರೆ ಹೊರಗಿನಿಂದ ಎಷ್ಟು ಉಜ್ಜಿದರೂ ಫಲವಿಲ್ಲ. ಅಂಥದನ್ನು ಬದಲಿಸುವುದೇ ಲೇಸು.

ಕೆಲಸದ ಕ್ರಮ

ಸಾಬೂನು ನೀರಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪನ್ನು ಎರಡು ಪದರವಾಗಿ ಅಂಟಿಸಬೇಕು. ಬಳಿಕ 800 ಅಥವಾ 1000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ, ನೀರು ಹನಿಸುತ್ತಲೇ ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಮೊದಲು ಇಳಿಯುವ ನೀರು ಹಳದಿಯಾಗಿರುತ್ತದೆ. ಅದು ಹಾಲಿನಂತೆ ಬೆಳ್ಳಗಾದಾಗ ಹಾಳಾದ ಪದರ ಹೋಗಿದೆಯೆಂದು ತಿಳಿಯಬಹುದು. ಅನಂತರ 1500, 2000 ನಂಬರಿನ ಪೇಪರುಗಳನ್ನು ಕ್ರಮವಾಗಿ ಬಳಸಿ, ಪ್ರತಿ ಸಲವೂ ದಿಕ್ಕನ್ನು ಅಡ್ಡಕ್ಕೆ ಬದಲಿಸಿದರೆ ಹಿಂದಿನ ಗೀರುಗಳು ಅಳಿಯುತ್ತವೆ. ಈ ಹಂತದಲ್ಲಿ ಹೆಡ್‌ಲೈಟ್ ಮೊದಲಿಗಿಂತಲೂ ಮಸುಕಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ.

ಪೆಟ್ರೋಲ್, ಥಿನ್ನರ್, ಅಸಿಟೋನುಗಳನ್ನು ಮಾತ್ರ ಬಳಸಲೇಬಾರದು. ಇವು ಪಾಲಿಕಾರ್ಬೊನೇಟಿನಲ್ಲಿ ಸೂಕ್ಷ್ಮ ಬಿರುಕುಗಳನ್ನು ಉಂಟುಮಾಡುತ್ತವೆ. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಲೇಪನವೇ ನಿರ್ಣಾಯಕ

ಟೂತ್‌ಪೇಸ್ಟ್ ಅಥವಾ ಪಾಲಿಷ್ ಹಚ್ಚಿ ಉಜ್ಜಿದ ಹೆಡ್‌ಲೈಟ್ ಅಂದು ಹೊಳೆಯುವುದು ನಿಜ. ಆದರೆ ರಕ್ಷಣಾ ಪದರವಿಲ್ಲದ ಪ್ಲಾಸ್ಟಿಕ್ ಬಿಸಿಲಿಗೆ ಒಡ್ಡಿಕೊಂಡು ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬಾಗುತ್ತದೆ. ಹಾಕಿದ ಶ್ರಮ ಉಳಿಯಬೇಕಾದರೆ ನೇರಳಾತೀತ ಕಿರಣಗಳನ್ನು ತಡೆಯುವ ಕ್ಲಿಯರ್ ಕೋಟ್ ಅಗತ್ಯ. ಹಾರ್ಡ್‌ನರ್ ಬೆರೆಯುವ ಎರಡು ಘಟಕಗಳ ಕ್ಲಿಯರ್ ಹೆಚ್ಚು ಬಾಳಿಕೆಯದು. ಅದನ್ನು ಸಿಂಪಡಿಸುವುದಾದರೆ ಪಾಲಿಷ್ ಮಾಡಬಾರದು. 2000 ನಂಬರಿನ ಸೂಕ್ಷ್ಮ ಗೀರುಗಳೇ ಲೇಪನಕ್ಕೆ ಹಿಡಿತ ನೀಡುತ್ತವೆ. ಮೈ ಒರೆಸಿ ಪೂರ್ತಿ ಒಣಗಿಸಿ, ತೆಳುವಾಗಿ ಎರಡು ಮೂರು ಸಲ ಸಿಂಪಡಿಸಿದರೆ ಗೀರುಗಳು ತುಂಬಿಕೊಂಡು ಹೆಡ್‌ಲೈಟ್ ತಿಳಿಯಾಗುತ್ತದೆ.

ಇಂತಹ ಕ್ಲಿಯರಿನ ಆವಿಯಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಹಾನಿಕರ. ಬಟ್ಟೆ ಕಟ್ಟಿಕೊಂಡರೆ ಸಾಲದು. ತಯಾರಕರು ಸೂಚಿಸಿದ ಮಾಸ್ಕ್ ಮತ್ತು ಗಾಳಿಯಾಡುವ ಸ್ಥಳ ಬೇಕು. ಅನುಕೂಲವಿಲ್ಲದವರು ಉಜ್ಜುವ ಕೆಲಸವನ್ನಷ್ಟೇ ತಾವು ಮಾಡಿ, ಲೇಪನವನ್ನು ಬಣ್ಣದ ಗ್ಯಾರೇಜಿಗೆ ಒಪ್ಪಿಸಬಹುದು. ತೇವದ ಹವೆಯಲ್ಲಿ ಲೇಪನ ಬಿಳುಚಿಕೊಳ್ಳುವ ಸಂಭವವಿರುವುದರಿಂದ ಮಳೆಗಾಲಕ್ಕೆ ಮುನ್ನವೇ ಕೆಲಸ ಮುಗಿಸುವುದು ಒಳಿತು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 62ನೇ ನಿಯಮದಂತೆ ಸರಕು ವಾಹನಗಳಿಗೆ ನಡೆಯುವ ಎಫ್.ಸಿ. ತಪಾಸಣೆಯಲ್ಲಿ ಹೆಡ್‌ಲೈಟ್ ಕೂಡ ಸೇರಿದೆ. ಆದರೆ ತಪಾಸಣೆಯ ದಿನದವರೆಗೆ ಕಾಯುವುದು ಜಾಣತನವಲ್ಲ. ಆಯಿಲ್ ಬದಲಿಸಿದ ದಿನಾಂಕವನ್ನು ಬರೆದಿಡುವ ಪುಸ್ತಕದಲ್ಲಿಯೇ ಹೆಡ್‌ಲೈಟಿನ ಸ್ಥಿತಿಗೂ ಒಂದು ಸಾಲು ಮೀಸಲಿಟ್ಟು, ರಾತ್ರಿ ರಸ್ತೆ ಎಷ್ಟು ದೂರ ಕಾಣುತ್ತದೆಂದು ಚಾಲಕನನ್ನು ಆಗಾಗ ಕೇಳುವುದು ಪ್ರತಿಯೊಬ್ಬ ವಾಹನ ಮಾಲೀಕರಿಗೂ ಸಾಧ್ಯವಿರುವ ಕೆಲಸ.