ಹಳೆಯ ಸೇನಾ ರೈಫಲುಗಳ ಗುಂಡುಗಳು

ಹಳೆಯ ಸೇನಾ ರೈಫಲುಗಳ ಗುಂಡುಗಳ ಆಯ್ಕೆಯು ನಳಿಕೆಯ ಒಳವ್ಯಾಸ, ಗುಂಡಿನ ತೂಕ, ತೋಟಾದ ಒತ್ತಡ ಹಾಗೂ ದೇಶದ ಕಾನೂನು ಎಂಬ ನಾಲ್ಕು ಅಂಶಗಳನ್ನು ಅವಲಂಬಿಸಿದೆ. ಭಾರತದಲ್ಲಿ ಈ ಪೈಕಿ ಕಾನೂನಿನ ಪಾತ್ರವೇ ಹಿರಿದು. .303 ಬೋರಿನ ಲೀ-ಎನ್‌ಫೀಲ್ಡ್ ರೈಫಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾಗಿ, ಅದೇ ಮಾದರಿಯ .315 ಬೋರಿನ ರೈಫಲು ಬಳಕೆಗೆ ಬಂದುದಕ್ಕೆ ಇದೇ ಕಾರಣ. ಕರ್ನಾಟಕದಲ್ಲಿ ಕೊಡಗು ಮತ್ತು ಕರಾವಳಿ-ಮಲೆನಾಡಿನ ಕೃಷಿಕ ಕುಟುಂಬಗಳಲ್ಲಿ ಪರಂಪರೆಯಿಂದ ಬಂದ ಕೋವಿಗಳಿರುವುದರಿಂದ ಈ ವಿಷಯಕ್ಕೆ ಇಲ್ಲಿ ವಿಶೇಷ ಮಹತ್ವವಿದೆ.

ಪದಗಳ ಅರ್ಥ

ಆಡುಮಾತಿನಲ್ಲಿ ಗುಂಡು ಮತ್ತು ತೋಟಾ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ವಾಸ್ತವವಾಗಿ ಹಿತ್ತಾಳೆಯ ಕೋಶ, ಅದರ ತಳದ ಸಿಡಿಕ, ಒಳಗಿನ ಮದ್ದು ಮತ್ತು ತುದಿಯಲ್ಲಿ ಕೂರಿಸಿದ ಲೋಹದ ಗುಂಡು, ಇವೆಲ್ಲ ಸೇರಿ ತೋಟಾ ಆಗುತ್ತದೆ. ನಳಿಕೆಯಿಂದ ಹೊರಚಿಮ್ಮುವುದು ಗುಂಡು ಮಾತ್ರ. ರೈಫಲಿನ ನಳಿಕೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಬಿಗಿಯಾಗಿ ಒತ್ತಿಕೊಂಡು ತಿರುಗುತ್ತಾ ಸಾಗುವುದರಿಂದ ಗುರಿ ತಪ್ಪುವುದಿಲ್ಲ.

ಹೆಸರು ಮತ್ತು ನಿಜವಾದ ಅಳತೆ

ರೈಫಲಿನ ಹೆಸರಿನಲ್ಲಿರುವ ಸಂಖ್ಯೆ ಸಾಮಾನ್ಯವಾಗಿ ಗೀರುಗಳ ನಡುವಿನ ಉಬ್ಬುಗಳ ಅಂತರವನ್ನು ಸೂಚಿಸುತ್ತದೆಯೇ ಹೊರತು ಗುಂಡಿನ ವ್ಯಾಸವನ್ನಲ್ಲ. .303 ರೈಫಲಿನ ಗುಂಡು ಸುಮಾರು .311 ಅಂಗುಲ, .315 ರೈಫಲಿನ ಗುಂಡು .323 ಅಂಗುಲ ಮತ್ತು 7.62 ಮಿ.ಮೀ. ರೈಫಲಿನ ಗುಂಡು .308 ಅಂಗುಲ ವ್ಯಾಸವುಳ್ಳವು. ಕಿರಿದಾದ ಗುಂಡು ಗೀರುಗಳನ್ನು ಹಿಡಿಯದೆ ಹಾದಿ ತಪ್ಪುತ್ತದೆ. ಹಿರಿದಾದ ಗುಂಡು ಒತ್ತಡವನ್ನು ಅಪಾಯಕಾರಿಯಾಗಿ ಏರಿಸುತ್ತದೆ.

ಒಂದೇ ಬೋರಿನಲ್ಲಿಯೂ ಗುಂಡುಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. 1880ರ ದಶಕದ ಅಂತ್ಯದಲ್ಲಿ ಬಳಕೆಗೆ ಬಂದ .303 ತೋಟಾದಲ್ಲಿ ಮೊದಲು ಕರಿಮದ್ದು ಇತ್ತು. ಅನಂತರ ಕಾರ್ಡೈಟ್ ಬಂದಿತು. ಆರಂಭದ ಗುಂಡು 215 ಗ್ರೇನ್ ತೂಕದ, ಮೊಂಡು ಮೂತಿಯದು. 1910ರ ಏಳನೆಯ ಮಾರ್ಕಿನ ಗುಂಡು 174 ಗ್ರೇನ್ ತೂಕದ, ಚೂಪು ಮೂತಿಯದು. ಇದಕ್ಕೆ ತಕ್ಕಂತೆ ರೈಫಲುಗಳ ಗುರಿಪಟ್ಟಿಯನ್ನೂ ಬದಲಿಸಬೇಕಾಯಿತು.

ಇಶಾಪುರ ಮತ್ತು ಖಡಕಿ

ಬ್ರಿಟಿಷ್ ಆಡಳಿತವು ಸೇನೆಯ ತೋಟಾಗಳು ಕಳವಾಗಿ ಜನರ ಕೈಸೇರುವುದನ್ನು ತಡೆಯಲು ಸೇನಾ ಬೋರುಗಳನ್ನು ನಾಗರಿಕರಿಗೆ ನಿರ್ಬಂಧಿಸಿತು. ಆದ್ದರಿಂದ ಆಸ್ಟ್ರಿಯಾ-ಹಂಗೆರಿ ಸೇನೆಯ 8×50 ಆರ್ ಮಾನ್ಲಿಷರ್ ತೋಟಾವನ್ನು ಲೀ-ಎನ್‌ಫೀಲ್ಡ್ ಯಂತ್ರಕ್ಕೆ ಹೊಂದಿಸಲಾಯಿತು. ಇದೇ ಭಾರತದ .315 ಬೋರು. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯು ಈ ರೈಫಲನ್ನು ತಯಾರಿಸಿತು. ಪುಣೆಯ ಬಳಿಯ ಖಡಕಿಯ ಮದ್ದುಗುಂಡು ಕಾರ್ಖಾನೆಯು ತೋಟಾಗಳನ್ನು ತಯಾರಿಸಿತು. ತೋಟಾದ ತಳದಲ್ಲಿ ಕಾಣುವ ‘ಕೆ’ ಮತ್ತು ‘ಎಫ್’ ಅಕ್ಷರಗಳು ಖಡಕಿಯ ಗುರುತಾಗಿವೆ.

ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರಚಿತವಾದ ನಿಯಮಗಳು .303 ಅಥವಾ 7.62 ಮಿ.ಮೀ. ಸೇನಾ ತೋಟಾ ಹಿಡಿಸುವ ಬೋಲ್ಟ್ ರೈಫಲುಗಳನ್ನೂ, .410 ಮಸ್ಕೆಟ್‌ಗಳನ್ನೂ ನಿರ್ಬಂಧಿತ ವರ್ಗದಲ್ಲಿ ಇರಿಸಿವೆ. ಇತರ ಬೋರುಗಳ ತೋಟಾಗಳನ್ನು ಪರವಾನಗಿ ಪಡೆದ ವ್ಯಾಪಾರಿಗಳಿಂದ, ಪರವಾನಗಿಯಲ್ಲಿ ನಮೂದಾದ ಪ್ರಮಾಣದಲ್ಲಿ ಮಾತ್ರ ಖರೀದಿಸಬಹುದು. ತೋಟಾ ತಯಾರಿಕೆಗೂ ಕಾಯ್ದೆಯ 5ನೆಯ ಪ್ರಕರಣದಂತೆ ಪರವಾನಗಿ ಅಗತ್ಯ. ದುರಸ್ತಿಯಿಂದಲೂ ಬಳಕೆಗೆ ಬಾರದ ಪುರಾತನ ಆಯುಧಗಳಿಗೆ 45ನೆಯ ಪ್ರಕರಣದಲ್ಲಿ ವಿನಾಯಿತಿ ಇದೆ.

ಕೊಡಗು

ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ನೀಡಿದರು. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಯನ್ನು ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹಾರಿಸುವ ಸ್ಪರ್ಧೆಗಳೂ ನಡೆಯುತ್ತವೆ. ತಲೆಮಾರುಗಳಿಂದ ಬಂದ ಕೋವಿಗೆ ಯಾವ ತೋಟಾ ಸಲ್ಲುತ್ತದೆ ಎಂಬ ತಿಳಿವು ಅದನ್ನು ಬಳಸುತ್ತಿದ್ದ ಹಿರಿಯರೊಂದಿಗೆ ಮರೆಯಾಗುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ನಳಿಕೆಯ ಮೇಲಿನ ಮುದ್ರೆಯೇ ಮೊದಲ ಆಧಾರ. ಪರವಾನಗಿ ಪಡೆದ ಕೋವಿ ದುರಸ್ತಿಗಾರರ ಅಳತೆಯು ಅದನ್ನು ಖಚಿತಪಡಿಸುತ್ತದೆ.

ಅಪಾಯಗಳು ಮತ್ತು ಸಂರಕ್ಷಣೆ

ಹೊರನೋಟದ ಸಾಮ್ಯವು ಮೋಸಗೊಳಿಸಬಲ್ಲದು. 1962ರ ಚೀನಾ ಯುದ್ಧದ ನಂತರ ಇಶಾಪುರದಲ್ಲಿ ತಯಾರಾದ 2ಎ ಮತ್ತು 2ಎ1 ರೈಫಲುಗಳು ಹಳೆಯ .303ರಂತೆಯೇ ಕಂಡರೂ 7.62 ಮಿ.ಮೀ. ತೋಟಾಕ್ಕಾಗಿ ಹೆಚ್ಚು ಗಟ್ಟಿಯಾದ ಉಕ್ಕಿನಿಂದ ನಿರ್ಮಿತವಾಗಿವೆ. .410 ಮಸ್ಕೆಟ್‌ನ ತೋಟಾ .303ರ ಕೋಶದಿಂದ ರೂಪುಗೊಂಡಿದ್ದು, ಅದೇ ಸಂಖ್ಯೆಯ ಚರೆ ತೋಟಾಕ್ಕಿಂತ ಭಿನ್ನವಾಗಿದೆ. ತೋಟಾವು ಕೋವಿಯೊಳಗೆ ಹಿಡಿಸಿದ ಮಾತ್ರಕ್ಕೆ ಅದು ಸುರಕ್ಷಿತವೆಂದು ಭಾವಿಸಲಾಗದು. ತಪ್ಪು ತೋಟಾದಿಂದ ನಳಿಕೆ ಸಿಡಿದರೆ ಮೊದಲ ಪೆಟ್ಟು ಬೀಳುವುದು ಕೋವಿ ಹಿಡಿದವರ ಮುಖಕ್ಕೆ ಮತ್ತು ಕೈಗೆ.

ಹಳೆಯ ಸೇನಾ ತೋಟಾಗಳ ಸಿಡಿಕದಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಕೆಯಲ್ಲಿ ಉಳಿಯುವ ಲವಣವು ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಮಂಗಳೂರಿನ ಪಣಂಬೂರಿನಂತಹ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲಗಳಿಂದ ಈ ಹಾನಿ ಮತ್ತಷ್ಟು ಬೇಗ ಉಂಟಾಗುತ್ತದೆ. ಎಣ್ಣೆಯೊಂದೇ ಈ ಲವಣವನ್ನು ಕರಗಿಸಲಾರದು. ಆದ್ದರಿಂದ ನಳಿಕೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ಣವಾಗಿ ಒಣಗಿಸಿದ ನಂತರವೇ ಎಣ್ಣೆ ಸವರುವುದು ಹಿಂದಿನಿಂದ ಬಂದ ಕ್ರಮ. ತುಕ್ಕಿನಿಂದ ಸವೆದ ನಳಿಕೆಯ ಒಳವ್ಯಾಸ ಹಿಗ್ಗಿರುವುದರಿಂದ, ಸರಿಯಾದ ಸಂಖ್ಯೆಯ ಗುಂಡೂ ಅದರಲ್ಲಿ ಸಡಿಲವಾಗಬಹುದು.