ಅಕ್ಷರವೋ, ಅಕ್ಷರದ ಚಿತ್ರವೋ?

ಕಳೆದ ಬೇಸಗೆಯ ರಜೆಯಲ್ಲಿ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. 2011ರಲ್ಲಿ ನಮ್ಮಲ್ಲಿ ಎಂ.ಎ. ಓದಿದವಳು, ಈಗ ತನ್ನ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕಿ. ಕುಶಲಪ್ರಶ್ನೆಗಳು ಮುಗಿದು ಕಾಫಿಯೂ ಆದ ಮೇಲೆ, ಕೈಚೀಲದಿಂದ ಒಂದು ಸಿ.ಡಿ.ಯನ್ನು ತೆಗೆದು ಮೇಜಿನ ಮೇಲಿಟ್ಟು, “ಸಾರ್, ಇದರೊಳಗೆ ನಮ್ಮಜ್ಜಿ ಇದ್ದಾಳೆ. ಹೇಗಾದರೂ ಮಾಡಿ ಹೊರಗೆ ತೆಗೆದುಕೊಡಿ” ಎಂದಳು.

ಅವಳ ಊರು ಚಳ್ಳಕೆರೆಯಿಂದಾಚೆ. ಕುರಿ, ಉಣ್ಣೆ, ಕಂಬಳಿಗಳ ನಾಡು. ಅಜ್ಜಿ ಜೀವಮಾನವೆಲ್ಲ ಉಣ್ಣೆ ನೂತವಳು. ಮೊಮ್ಮಗಳು ಎಂ.ಎ. ಕಿರುಪ್ರಬಂಧಕ್ಕೆಂದು ಅವಳ ಬಾಯಿಂದ ಕಂಬಳಿಯ ಕಸುಬಿನ ಪದಗಳನ್ನು ಸಂಗ್ರಹಿಸಿದ್ದಳು. ಹಾಸು, ಹೊಕ್ಕು, ಕದಿರು, ಲಾಳಿ ಮೊದಲಾದುವು ನಮಗೂ ನಿಮಗೂ ತಿಳಿದವೇ. ಆದರೆ ಉಣ್ಣೆಯ ಬಣ್ಣಕ್ಕೆ, ಎಳೆಯ ಹುರಿಗೆ, ಹುಣಸೆಬೀಜದ ಗಂಜಿಯ ಹದಕ್ಕೆ ಆ ಮುದುಕಿಯಲ್ಲಿ ಯಾವ ನಿಘಂಟಿನಲ್ಲಿಯೂ ನಾನು ಕಾಣದ ಮಾತುಗಳಿದ್ದುವು. ಒಟ್ಟು 600ರಷ್ಟು ಪದಗಳು. ಪ್ರಬಂಧಕ್ಕೆ ಪುಟಗಳ ಮಿತಿಯಿದ್ದುದರಿಂದ, “ಪದಪಟ್ಟಿಯನ್ನು ರಟ್ಟು ಕಟ್ಟಿಸುವ ಪ್ರತಿಯಲ್ಲಿ ಸೇರಿಸಬೇಡಮ್ಮ, ಸಿ.ಡಿ.ಯಲ್ಲಿದ್ದರೆ ಸಾಕು” ಎಂದು ಅಪ್ಪಣೆ ಕೊಟ್ಟವನು ನಾನೇ. ಹೊಸದಾಗಿ ಕೆಲಸಕ್ಕೆ ಸೇರಿದ್ದ ನನಗೆ ಆಗ ಸಿ.ಡಿ. ಎಂದರೆ ತಾಮ್ರಶಾಸನಕ್ಕೆ ಸಮಾನವಾಗಿತ್ತು. ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡಳು. ಕೈಬರಹದ ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು.

ಈಗಿನ ಲ್ಯಾಪ್‌ಟಾಪುಗಳಿಗೆ ಸಿ.ಡಿ. ನುಂಗುವ ಬಾಯಿಯೇ ಇಲ್ಲ. ನೆರೆಮನೆಯಿಂದ ಹಳೆಯ ಯಂತ್ರವೊಂದನ್ನು ಬೇಡಿ ತಂದು ತೆರೆದುದಾಯಿತು. ಫೈಲು ತೆರೆಯಿತು, ಕನ್ನಡ ತೆರೆಯಲಿಲ್ಲ. ಪುಟದ ತುಂಬ ರೋಮನ್ ಲಿಪಿಯ ದೊಡ್ಡಕ್ಷರ, ಸಣ್ಣಕ್ಷರ, ತಲೆಯ ಮೇಲೆ ಗೀಟು ಹೊತ್ತ ಫ್ರೆಂಚರ ಅಕ್ಷರ, ನಡುನಡುವೆ ಪೌಂಡ್ ನಾಣ್ಯದ ಚಿಹ್ನೆ! ಅಂದು ಅದನ್ನು ಅಚ್ಚು ಮಾಡಿಕೊಟ್ಟ ಡಿ.ಟಿ.ಪಿ. ಅಂಗಡಿ ಮುಚ್ಚಿ ವರ್ಷಗಳೇ ಆಗಿದ್ದುವು. ಫಾಂಟಿನ ಹೆಸರು ಫೈಲಿನಲ್ಲಿ ಉಳಿದಿತ್ತು; ಫಾಂಟು ಎಲ್ಲಿಯೂ ಇರಲಿಲ್ಲ.

ಇಂತಹ ಸಂಕಟ ಅವಳೊಬ್ಬಳದೇ ಅಲ್ಲವೆಂಬುದು ಕನ್ನಡ ವಿಭಾಗಗಳಲ್ಲಿ ದುಡಿಯುವ ಎಲ್ಲರಿಗೂ ಗೊತ್ತು. ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಹಿಂದಿನ ಫಾಂಟುಗಳಲ್ಲಿ ಒಟ್ಟು ಇದ್ದ ಮನೆಗಳು 256. ಅವೂ ರೋಮನ್ ಲಿಪಿಗಾಗಿ ಕಟ್ಟಿದವು. ನಮ್ಮವರು ಆ ಮನೆಗಳಲ್ಲಿಯೇ ಕನ್ನಡವನ್ನು ಬಾಡಿಗೆಗೆ ಇಟ್ಟರು. ಅಕ್ಷರಗಳನ್ನು ಇಡಿಯಾಗಿ ಇಡಲು ಸ್ಥಳ ಸಾಲದು. ಆದುದರಿಂದ ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುತುಂಡು ಮಾಡಿ ಇಟ್ಟರು. ಅಚ್ಚುಕೂಟದ ಮೊಳೆಗಳನ್ನು ಕಂಡವರಿಗೆ ಈ ಉಪಾಯ ಹೊಸದಲ್ಲ. ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಒಂದು ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಯಂತ್ರದ ಹೊಟ್ಟೆಯಲ್ಲಿ ಸೇರುತ್ತಿದ್ದುದು ಏಳು ಚಿಹ್ನೆಗಳು: ಮೊದಲನೆಯದು ರೋಮನ್ ‘ಪಿ’, ಮೂರನೆಯದು ಪೌಂಡು, ಐದನೆಯದು ಜರ್ಮನರ ಜೋಡಿ ‘ಎಸ್’. ಆ ಫಾಂಟು ಇರುವತನಕ ಕಣ್ಣಿಗೆ ಕನ್ನಡ; ಅದು ಹೋದರೆ ವೇಷ ಕಳಚುತ್ತದೆ. ನಾವು ವರ್ಷಗಟ್ಟಲೆ ಅಕ್ಷರವೆಂದು ಕೂಡಿಟ್ಟುದು ಅಕ್ಷರದ ಚಿತ್ರವನ್ನು. ಅದೂ ಒಬ್ಬೊಬ್ಬ ತಯಾರಕನದು ಒಂದೊಂದು ಕ್ರಮ.

ಯೂನಿಕೋಡ್ ಎಂಬ ವ್ಯವಸ್ಥೆ ಬಂದುದು ಈ ಅವ್ಯವಸ್ಥೆಯನ್ನು ನೀಗುವುದಕ್ಕಾಗಿ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ದೊರೆಯಿತು. ಅಲ್ಲಿ ‘ಕ’ಕಾರಕ್ಕೆ 3221, ‘ನ’ಕಾರಕ್ಕೆ 3240, ಪ್ರಪಂಚದ ಯಾವ ಯಂತ್ರದಲ್ಲಿಯೂ ಅದೇ ಸಂಖ್ಯೆ. ‘ಕನ್ನಡ’ ಎಂದರೆ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂಬ ಐದು ಸಂಕೇತ. ವ್ಯಾಕರಣದಲ್ಲಿ ನಾವು ಬಿಡಿಸಿ ಹೇಳುವ ಕ್ರಮಕ್ಕೆ ಇದು ಎಷ್ಟು ಹತ್ತಿರವೆಂಬುದನ್ನು ಗಮನಿಸಬೇಕು. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ನಾಡಿನಲ್ಲೆಲ್ಲ ಹರಡಿದ ಕೀಲಿಮಣೆಯ ವಿನ್ಯಾಸದಲ್ಲಿ ‘ಕನ್ನಡ’ಕ್ಕೆ ಒತ್ತಬೇಕಾದ ಕೀಲಿಗಳೂ ಐದೇ: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ‘ಎಫ್’ ಅರ್ಧಾಕ್ಷರ ಮಾಡುವ ಕೀಲಿ. ಅದೊಂದರ ಮರ್ಮ ತಿಳಿದರೆ ಒತ್ತಕ್ಷರವೆಲ್ಲ ಸಲೀಸು. ಟ, ಡ, ಷಗಳು ರೋಮನ್ ಧ್ವನಿಗೆ ಹೊಂದದ ಸ್ಥಾನಗಳಲ್ಲಿರುವುದು ಮೊದಲ ವಾರ ಬೆರಳಿಗೆ ಕಿರುಕುಳವೆನಿಸಬಹುದು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕುಳಿತರೆ ಸಾಕು. ನನ್ನಂತಹ ಮಂದಬೆರಳಿನವನಿಗೇ ಬಂದ ಮೇಲೆ ವಿದ್ಯಾರ್ಥಿಗಳಿಗೆ ಬಾರದೆ ಇರದು.

ನಿಮ್ಮ ಫೈಲಿನಲ್ಲಿರುವುದು ಅಕ್ಷರವೋ ಚಿತ್ರವೋ ತಿಳಿಯುವ ಬಗೆ ಸುಲಭ. ಒಂದು ಸಾಲನ್ನು ನಕಲು ಮಾಡಿ, ಯಾವ ಅಲಂಕಾರವೂ ಇಲ್ಲದ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಇಲ್ಲವೆ ಸ್ನೇಹಿತನ ಮೊಬೈಲಿಗೆ ಕಳುಹಿಸಿ. ಅಲ್ಲಿಯೂ ಕನ್ನಡವಾಗಿ ಉಳಿದರೆ ಕ್ಷೇಮ. ರೋಮನ್ ಗೊಂದಲವಾಗಿ ಹೋದರೆ, ಆ ಫಾಂಟು ಇನ್ನೂ ಜೀವಂತವಾಗಿರುವಾಗಲೇ ಪರಿವರ್ತನೆ ಮಾಡಿಸಿ. ‘ನುಡಿ’, ‘ಬರಹ’ಗಳ ಹಳೆಯ ಬರವಣಿಗೆಗೆ ಪರಿವರ್ತಕಗಳು ಉಂಟು. ಪಿ.ಡಿ.ಎಫ್. ಇದೆಯೆಂದು ನಿಶ್ಚಿಂತೆಯಿಂದ ಇರಬೇಡಿ. ಅದರ ಹೊರಗೆ ಕನ್ನಡ ಕಂಡರೂ ಒಳಗೆ ಹಳೆಯ ಸಂಕೇತವೇ ಇರಬಹುದು. ಯೂನಿಕೋಡಿನಲ್ಲಿ ಬರೆದುದು ಕೂಡ ಪಿ.ಡಿ.ಎಫ್. ಆಗಿ ಮರಳಿ ಬರುವಾಗ ಒತ್ತುಗಳು ಸ್ಥಾನ ತಪ್ಪುವುದನ್ನು ಕಂಡಿದ್ದೇನೆ. ಮೂಲ ಫೈಲು ಬೇಕೇ ಬೇಕು.

ಪರಿವರ್ತಕವನ್ನೂ ಕಣ್ಣುಮುಚ್ಚಿ ನಂಬಬಾರದು. ಪ್ರಬಂಧದ ನಡುವೆ ಎರಡು ಸಾಲು ಇಂಗ್ಲಿಷ್ ಇದ್ದರೆ ಅದನ್ನೂ ಕನ್ನಡದ ವೇಷವೆಂದೇ ಬಗೆದು, ಯಾವ ಭಾಷೆಗೂ ಸೇರದ ಮಾತನ್ನು ಮಾಡಿಬಿಡುತ್ತದೆ. ಅರ್ಕಾವೊತ್ತಿನ ಮೇಲೆ ಹೆಚ್ಚಿನ ಕಣ್ಣಿರಬೇಕು. ಹಳೆಯ ಫಾಂಟಿನಲ್ಲಿ ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಯಕಾರದ ಅನಂತರ, ಕಣ್ಣಿಗೆ ಕಂಡಂತೆ, ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು. ಈ ಸ್ಥಳಾಂತರದಲ್ಲಿ ಎಡವಟ್ಟಾಗುವುದುಂಟು.

ಇನ್ನು ಯೂನಿಕೋಡಿನಲ್ಲಿಯೇ ಬರೆಯುವವರೂ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಅನುಸ್ವಾರಕ್ಕೆ ಬದಲು ಕನ್ನಡದ ಸೊನ್ನೆಯನ್ನು ಒತ್ತುವುದು. ಕಣ್ಣಿಗೆ ಎರಡೂ ದುಂಡಗೇ ಕಾಣುತ್ತವೆ. ಯಂತ್ರಕ್ಕೆ ಒಂದು 3202, ಇನ್ನೊಂದು 3302. ‘ಪಂಪ’ನಲ್ಲಿ ಸೊನ್ನೆ ಸೇರಿದರೆ, ಮುನ್ನೂರು ಪುಟದ ಪ್ರಬಂಧದಲ್ಲಿ ಪಂಪನನ್ನು ಹುಡುಕಿದಾಗ ಅವನು ಸಿಕ್ಕುವುದೇ ಇಲ್ಲ! ಅಂತೆಯೇ ‘ರ‍್ಯಾಂಕ್’ ಎಂದು ಬರೆಯಹೋದವರಿಗೆ ‘ರ್ಯಾಂಕ್’ ಎಂದು ಅರ್ಕಾವೊತ್ತು ಬಂದು ತಲೆ ಕೆಡುತ್ತದೆ. ರಕಾರದ ಅನಂತರ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಿದರೆ ಅದು ಸರಿಹೋಗುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಅಂಟದಂತೆ ತಡೆಯುವುದಕ್ಕೆ ಬೇಕಾದುದು ಇನ್ನೊಂದು ಅದೃಶ್ಯ ಚಿಹ್ನೆ, ವಿಯೋಜಕ. ಎರಡೂ ಬಳಕೆಯಲ್ಲಿರುವ ಹಲವು ಕನ್ನಡ ತಂತ್ರಾಂಶಗಳಲ್ಲಿ ದೊರೆಯುತ್ತವೆ. ಒಮ್ಮೆ ಕೇಳಿ ತಿಳಿದುಕೊಂಡರಾಯಿತು.

ಅಕಾರಾದಿಯ ವಿಷಯದಲ್ಲಿಯೂ ಎಚ್ಚರ ಬೇಕು. ಯೂನಿಕೋಡಿನ ಕೇರಿಯಲ್ಲಿ ಳಕಾರ 3251ನೆಯ ಮನೆಯಲ್ಲಿ, ಲಕಾರದ ಮಗ್ಗುಲಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಅನಂತರ ಬರತಕ್ಕದ್ದು. ಬರಿಯ ಸಂಖ್ಯೆಯ ಕ್ರಮದಲ್ಲಿ ಜೋಡಿಸುವ ತಂತ್ರಾಂಶವಾದರೆ ‘ಬಸವ’ನಿಗಿಂತ ಮೊದಲು ‘ಬಳೆ’ ಬರುತ್ತದೆ. ಗ್ರಂಥಋಣದ ಪಟ್ಟಿಯನ್ನು ಯಂತ್ರದಿಂದ ಜೋಡಿಸಿದವರು ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು. ಹಳಗನ್ನಡದವರಿಗೆ ಇನ್ನೊಂದು ಸ್ವಾರಸ್ಯ: ಱ, ೞ ಎರಡಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ೞಕಾರಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ‘ಫಾ’! ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅವರ ನಿಯಮ. ಆದುದರಿಂದ ಇದು ತಪ್ಪು ಹೆಸರೆಂಬ ಟಿಪ್ಪಣಿಯೊಂದನ್ನು ಸೇರಿಸಿ ಹಾಗೆಯೇ ಬಿಟ್ಟಿದ್ದಾರೆ. ಶಾಸನಕಾರರ ಕೈತಪ್ಪುಗಳನ್ನು ತಿದ್ದದೆ ಅಡಿಟಿಪ್ಪಣಿ ಕೊಡುವ ನಮ್ಮ ಸಂಪಾದಕರ ಪದ್ಧತಿ ಇದಕ್ಕಿಂತ ಬೇರೆಯೇ?

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯದ ನಿಯಮಗಳನ್ನು ಹೊರಡಿಸಿತು. ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದನ್ನು ಮೀರಿದರೆ ಹಂತಹಂತವಾಗಿ ಶಿಕ್ಷೆಯುಂಟು. ಹೋಲಿಕೆಯನ್ನು ಹಿಡಿಯುವ ತಂತ್ರಾಂಶಕ್ಕೆ ಹಳೆಯ ಫಾಂಟಿನ ಪ್ರಬಂಧವನ್ನು ಕೊಟ್ಟರೆ ಅದು ಓದುವುದು ಕನ್ನಡವನ್ನಲ್ಲ, ಪೌಂಡು ‘ಪಿ’ಗಳ ಸಂತೆಯನ್ನು. ಏನೂ ಸಿಕ್ಕಲಿಲ್ಲವೆಂದು ಹಿಗ್ಗಿದ ಸಂಶೋಧಕರೊಬ್ಬರನ್ನು ನಾನು ಬಲ್ಲೆ. ಆದರೆ ಅದೇ ಪ್ರಬಂಧ ‘ಶೋಧಗಂಗಾ’ ಭಂಡಾರಕ್ಕೆ ಸೇರಿದಾಗ, ಅದರ ಒಳಗಿನ ಒಂದು ಮಾತನ್ನೂ ಯಾರೂ ಹುಡುಕಿ ತೆಗೆಯಲಾರರು. ಚೌರ್ಯವನ್ನು ಮರೆಮಾಡುವ ಪರದೆಯೇ ಪಾಂಡಿತ್ಯವನ್ನೂ ಮರೆಮಾಡುತ್ತದೆ. ಐದು ವರ್ಷದ ದುಡಿಮೆ ಗಂಗೆಗೆ ಬಿದ್ದ ಕಲ್ಲು!

ಅಚ್ಚಾದ ಹಳೆಯ ಪುಸ್ತಕಗಳನ್ನು ಅಕ್ಷರವಾಗಿಸುವ ಸೌಕರ್ಯ ಈಗ ಬಂದಿದೆ. ಪುಟವನ್ನು ಅಂಗುಲಕ್ಕೆ 300 ಚುಕ್ಕಿಗಳ ದರದಲ್ಲಿ ಸ್ಕ್ಯಾನ್ ಮಾಡಿದರೆ ಗೂಗಲ್ ಡ್ರೈವ್ ಕನ್ನಡವನ್ನು ಓದಿಕೊಡುತ್ತದೆ. ‘ಟೆಸರಾಕ್ಟ್’ ಎಂಬ ಉಚಿತ ತಂತ್ರಾಂಶವೂ ಉಂಟು. ಮೊಳೆ ಸವೆದ ಮುದ್ರಣದಲ್ಲಿ ಪ, ಷ, ಫಗಳನ್ನು ಒಂದನ್ನೊಂದು ತಿಳಿಯುವುದರಿಂದ ಕರಡು ತಿದ್ದದೆ ಗತ್ಯಂತರವಿಲ್ಲ. ಮೊಬೈಲಿಗೆ ಮಾತಾಡಿ ಬರೆಯಿಸುವುದು ಪತ್ರವ್ಯವಹಾರಕ್ಕೆ ಚೆನ್ನು. ಆಡುನುಡಿಯ ಪದ ಬಂದೊಡನೆ ಅದು ತನಗೆ ಗೊತ್ತಿರುವ ಮಾತಿಗೆ ತಿರುಗಿಸಿಬಿಡುತ್ತದೆ. ಕ್ಷೇತ್ರಕಾರ್ಯದವರು ಅದರ ಗೊಡವೆಗೆ ಹೋಗದಿರುವುದೇ ಲೇಸು. ಧ್ವನಿಯನ್ನೇ ಮುದ್ರಿಸಿಕೊಳ್ಳಿ, ಅದನ್ನು ಅಳಿಸಬೇಡಿ. ಮೂರು ಪ್ರತಿ ಇರಲಿ: ಒಂದು ಯಂತ್ರದಲ್ಲಿ, ಒಂದು ಹೊರಗಿನ ಪೆಟ್ಟಿಗೆಯಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಅಂತರಜಾಲದ ಭಂಡಾರದಲ್ಲಿ. ಪದಪಟ್ಟಿಯಾದರೆ ಕಾಗದದಲ್ಲಿಯೂ ಒಂದು. ಇದನ್ನು ಹೇಳುವ ಅಧಿಕಾರ ನನಗೆ ಹೇಗೆ ಬಂತೆಂಬುದನ್ನು ವಾಚಕರು ಬಲ್ಲರು.

ಅಜ್ಜಿಯ ಸಿ.ಡಿ.ಗೆ ಮರಳೋಣ. ಯಾವ ಪರಿವರ್ತಕಕ್ಕೂ ಆ ಫಾಂಟಿನ ಗುರುತಿರಲಿಲ್ಲ. ಆದರೆ ಪ್ರಬಂಧದ ನಾಲ್ಕು ಅಧ್ಯಾಯಗಳು ಅದೇ ಸಿ.ಡಿ.ಯಲ್ಲಿ, ಅದೇ ವೇಷದಲ್ಲಿ ಇದ್ದುವು. ಅವುಗಳ ಮುದ್ರಿತ ಪ್ರತಿ ನಮ್ಮ ವಿಭಾಗದ ಕಪಾಟಿನಲ್ಲಿ ಸುರಕ್ಷಿತವಾಗಿತ್ತು. ಲಿಪಿ ತಿಳಿಯದ ಶಾಸನಕ್ಕೆ ದ್ವಿಭಾಷಾ ಪಾಠ ಸಿಕ್ಕಿದಂತಾಯಿತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಈ ಚಿಹ್ನೆಗೆ ಈ ಅಕ್ಷರವೆಂದು ಒಂದು ಕೋಷ್ಟಕವನ್ನು ಮಾಡಿದೆವು. ಮೊದಲ ಭಾನುವಾರ ವ್ಯಂಜನಗಳಾದುವು, ಎರಡನೆಯದರಲ್ಲಿ ಸ್ವರಚಿಹ್ನೆಗಳು, ಮೂರನೆಯದು ಪೂರ್ತಿ ಒತ್ತುಗಳಿಗೇ ಹಿಡಿಯಿತು. ಸಂಜೆಯ ಹೊತ್ತಿಗೆ ಪದಪಟ್ಟಿ ಕನ್ನಡವಾಗಿ ತೆರೆದುಕೊಂಡಿತು. ಅವಳು ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಉಚ್ಚಾರಣೆ ಅವಳದಾಗಿ ಉಳಿಯದೆ ಊರಿನದಾಯಿತು; ನಾನು ಮಾತಾಡದೆ ಕುಳಿತಿದ್ದೆ.

ಹನ್ನೊಂದು ಪದಗಳು ಮಾತ್ರ ಉಳಿದುವು. ಅವುಗಳಲ್ಲಿದ್ದ ಒತ್ತಿನ ಚಿಹ್ನೆಗಳು ನಾಲ್ಕು ಅಧ್ಯಾಯಗಳಲ್ಲಿ ಎಲ್ಲಿಯೂ ಬಂದಿರಲಿಲ್ಲ. ಆ ಹನ್ನೊಂದನ್ನು ಬರೆದುಕೊಂಡು ಅವಳು ಹಿರಿಯೂರಿಗೆ ಹೋದಳು. ಅಲ್ಲಿ ಅಜ್ಜಿಯ ನಾದಿನಿ ಇದ್ದಾಳೆ, ಎಂಬತ್ತು ದಾಟಿದವಳು, ಕಿವಿ ಸ್ವಲ್ಪ ಮಂದ. ಅರ್ಥವನ್ನು ಹೇಳಿ ಪದವನ್ನು ಕೇಳಿದಾಗ ಎಂಟು ಸಿಕ್ಕಿದುವು. ಉಳಿದ ಮೂರಕ್ಕೆ ಆ ಮುದುಕಿ, “ಅದು ನಿಮ್ಮಜ್ಜಿ ತವರಿಂದ ತಂದ ಮಾತು ಕಣವ್ವ, ನಮ್ಮದಲ್ಲ” ಎಂದಳಂತೆ. ತವರೂರು ಆಂಧ್ರದ ಗಡಿಯಲ್ಲಿದೆ. ದಸರಾ ರಜೆಯಲ್ಲಿ ಹೋಗುತ್ತೇನೆಂದು ಹೇಳಿದ್ದಾಳೆ. ಅಲ್ಲಿಯವರೆಗೆ ಪಟ್ಟಿಯಲ್ಲಿ ಆ ಮೂರು ಪದಗಳ ಒತ್ತಿನ ಜಾಗದಲ್ಲಿ ಒಂದೊಂದು ಚುಕ್ಕಿಯನ್ನಿಟ್ಟಿದ್ದೇವೆ.