ಕಂಡವರಿಲ್ಲ, ಆದರೂ ಶಿಕ್ಷೆ ಆಗುತ್ತಾ?

ರಾತ್ರಿ ಮನೆಗೆ ಕನ್ನ ಹಾಕಿದವನನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೂ ಕೋರ್ಟಿನಲ್ಲಿ ಅಪರಾಧ ಸಾಬೀತಾಗಬಹುದು, ಸಾಂದರ್ಭಿಕ ಸಾಕ್ಷ್ಯದಿಂದ. ಬೀರುವಿನ ಬಾಗಿಲ ಮೇಲೆ ಬೆರಳಚ್ಚು ಸಿಕ್ಕಿತು ಎನ್ನಿ. ಆ ಕೈ ಅಲ್ಲಿ ತಾಗಿತ್ತು ಎಂದಷ್ಟೇ ಅದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಹಿಂದೆಂದೋ ಬೀಗ ರಿಪೇರಿಗೆ ಬಂದವನದೂ ಇರಬಹುದು. ಆದರೆ ಆ ಬೆರಳಚ್ಚು ಯಾರದೋ ಅವನಿಗೆ ಆ ಮನೆಗೆ ಬರುವ ಕಾರಣವೇ ಇರಲಿಲ್ಲ, ಮೂರನೇ ದಿನ ಅದೇ ಮನೆಯ ಸರವನ್ನು ಅವನು ಗಿರವಿ ಇಟ್ಟಿದ್ದಾನೆ ಎಂದಾದರೆ? ಕಳವಾದ ಸ್ವಲ್ಪದರಲ್ಲೇ ಮಾಲು ಕೈಯಲ್ಲಿದ್ದು ಸಮಜಾಯಿಷಿ ಕೊಡದವನು ಕಳ್ಳ, ಇಲ್ಲವೇ ಕದ್ದ ಮಾಲೆಂದು ಗೊತ್ತಿದ್ದೇ ಪಡೆದವನು ಎಂದು ಭಾವಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಂ ಕೋರ್ಟಿಗೆ ಅವಕಾಶ ಕೊಡುತ್ತದೆ.

ಇದೆಲ್ಲ ಬರೀ ಊಹೆಯಲ್ಲವೇ, ಅಮಾಯಕ ಸಿಕ್ಕಿಬಿದ್ದರೆ? ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ 1984ರ ಶರದ್ ಸಾರ್ದಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಐದು ಷರತ್ತು ಹಾಕಿತು. ಸಾರ ಇಷ್ಟು: ಪ್ರತಿ ಸಂಗತಿಯೂ ಪೂರ್ತಿ ಸಾಬೀತಾಗಬೇಕು, ಸರಪಳಿಯ ಒಂದು ಕೊಂಡಿಯೂ ಕಳಚಬಾರದು, ಆರೋಪಿ ನಿರಪರಾಧಿ ಎನ್ನಲು ಸಕಾರಣ ಉಳಿಯಬಾರದು. ಪೊಲೀಸರೆದುರಿನ ತಪ್ಪೊಪ್ಪಿಗೆಯೂ ಇಲ್ಲಿ ಆಸರೆಯಾಗದು. ಆರೋಪಿ ಹೇಳಿದ ಜಾಗದಲ್ಲಿ ಮಾಲು ಸಿಕ್ಕರೂ, ಆ ಪತ್ತೆಗೆ ನೇರ ಸಂಬಂಧಪಟ್ಟ ಮಾತಷ್ಟೇ ಸಾಕ್ಷ್ಯವಾಗುತ್ತದೆ. ಇನ್ನು, ಕಣ್ಣಾರೆ ಕಂಡ ಸಾಕ್ಷಿಯೇ ಮೇಲು ಎನ್ನುವಿರಾ? ಕತ್ತಲಲ್ಲಿ ಒಂದು ಕ್ಷಣ ಕಂಡ ಮುಖವನ್ನು ಗುರುತಿಸುವಾಗ ಪ್ರಾಮಾಣಿಕರೂ ತಪ್ಪುತ್ತಾರೆ. ಹಾಗಾಗಿ ಸಾಂದರ್ಭಿಕ ಸಾಕ್ಷ್ಯ ಎರಡನೇ ದರ್ಜೆಯದಲ್ಲ. ಆದರೆ ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯ ಜಾಗಕ್ಕೆ ಬರುವಂತಿಲ್ಲ.